ವೆಬ್ ಡೀಬಗ್ ಸಾಧನಗಳು: ಫೈರ್‌ಬಗ್‌ನಿಂದ ಬ್ರೌಸರಿನೊಳಗಿನ ಸಾಧನಗಳವರೆಗೆ

ವೆಬ್ ಪುಟವೋ ವೆಬ್ ಸೇವೆಯೋ ಎಣಿಸಿದಂತೆ ನಡೆಯದಿದ್ದಾಗ ತಪ್ಪು ಎಲ್ಲಿದೆಯೆಂದು ಹುಡುಕಲು ಪ್ರೋಗ್ರಾಮರುಗಳು ಬಳಸುವ ತಂತ್ರಾಂಶಗಳನ್ನು ವೆಬ್ ಡೀಬಗ್ ಸಾಧನಗಳೆನ್ನುತ್ತಾರೆ. ಪುಟದ ರಚನೆಯನ್ನು ಬಿಡಿಸಿ ತೋರಿಸುವುದು, ಸ್ಟೈಲ್ ನಿಯಮಗಳನ್ನು ಇದ್ದಲ್ಲೇ ತಿದ್ದಿ ನೋಡಲು ಬಿಡುವುದು, ಜಾವಾಸ್ಕ್ರಿಪ್ಟನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸುವುದು, ಬ್ರೌಸರಿಗೂ ಸರ್ವರಿಗೂ ನಡುವೆ ಹೋಗಿಬರುವ ಕೋರಿಕೆಗಳನ್ನು ಪಟ್ಟಿಮಾಡುವುದು ಇವುಗಳ ಮುಖ್ಯ ಕೆಲಸ. ಮೊದಮೊದಲು ಇಂಥ ಸಾಧನಗಳನ್ನು ಬ್ರೌಸರಿಗೆ ಹೊರಗಿನಿಂದ ಸೇರಿಸಿಕೊಳ್ಳಬೇಕಿತ್ತು. ಈಗ ಅವು ಬ್ರೌಸರಿನ ಜೊತೆಗೇ ಬರುತ್ತವೆ. ಈ ಬದಲಾವಣೆ ಬಹುಪಾಲು 2006ರಿಂದ 2018ರ ನಡುವೆ ನಡೆಯಿತು. ಬೆಂಗಳೂರಿಗೆ, ಅದರಲ್ಲೂ ದೊಮ್ಮಲೂರು, ಇಂದಿರಾನಗರ, ಹಳೆ ಮದ್ರಾಸ್ ರಸ್ತೆಗಳ ಸಾಫ್ಟ್‌ವೇರ್ ವಲಯಕ್ಕೆ, ಇದರೊಂದಿಗೆ ಇರುವ ನಂಟು ಬರೀ ಬಳಕೆದಾರರದಲ್ಲ.

ಹೊರಗಿನ ಉಪಕರಣ ಒಳಗೆ ಸೇರಿಕೊಳ್ಳುವುದು ವೆಬ್‌ಗಿಂತ ಹಳೆಯ ಸಂಗತಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರು ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆದು, ತನ್ನದೇ ಉಪಗ್ರಹ ಸಂಪರ್ಕದ ಮೂಲಕ ಚಿಪ್ ವಿನ್ಯಾಸದ ಕೆಲಸವನ್ನು ಅಮೆರಿಕಕ್ಕೆ ಕಳಿಸತೊಡಗಿತು. ಅಂದು ಪ್ರೊಸೆಸರಿನೊಳಗೆ ಏನು ನಡೆಯುತ್ತಿದೆಯೆಂದು ತಿಳಿಯಲು ಆ ಚಿಪ್ಪನ್ನೇ ಕಿತ್ತು, ಅದರ ಜಾಗದಲ್ಲಿ ಎಮ್ಯುಲೇಟರ್ ಎಂಬ ದುಬಾರಿ ಪೆಟ್ಟಿಗೆಯನ್ನು ಜೋಡಿಸಬೇಕಾಗುತ್ತಿತ್ತು. 1990ರಲ್ಲಿ ಐಇಇಇ 1149.1 ಎಂಬ ಮಾನಕವಾದ ಜೆಟ್ಯಾಗ್ ಮೂಲತಃ ಸರ್ಕ್ಯೂಟ್ ಬೋರ್ಡಿನ ಪರೀಕ್ಷೆಗೆ ಹುಟ್ಟಿದ್ದು. ಮುಂದೆ ಅದೇ ದಾರಿಯಲ್ಲಿ ಡೀಬಗ್ ವ್ಯವಸ್ಥೆ ಚಿಪ್ಪಿನೊಳಗೇ ಬಂದು ಕುಳಿತಿತು. ವೆಬ್‌ನಲ್ಲಿ ಹೆಚ್ಚುಕಡಿಮೆ ಇದೇ ಹಾದಿ ಮರುಕಳಿಸಲು ಇನ್ನೆರಡು ದಶಕ ಬೇಕಾಯಿತು.

ಆರಂಭದ ವೆಬ್ ಪ್ರೋಗ್ರಾಮರನ ಕೈಯಲ್ಲಿ ಇದ್ದದ್ದು ತೀರ ಕಡಿಮೆ. ಪುಟದ ಮೂಲವನ್ನು ತೆರೆದು ಓದುವುದು, ಅನುಮಾನ ಬಂದ ಕಡೆಯಲ್ಲೆಲ್ಲ ಅಲರ್ಟ್ ಪೆಟ್ಟಿಗೆ ಎದ್ದು ಬರುವಂತೆ ಮಾಡಿ ಚರಾಂಶಗಳ ಬೆಲೆಗಳನ್ನು ನೋಡುವುದು, ಇಂಟರ್ನೆಟ್ ಎಕ್ಸ್‌ಪ್ಲೋರರ್ ತೋರುವ ಸಾಲಿನ ಸಂಖ್ಯೆಯನ್ನು ನಂಬಿ ಹುಡುಕಾಡುವುದು, ಇಷ್ಟೇ. ಮೊಜಿಲ್ಲಾ ಬಳಗದಲ್ಲಿ ಪುಟದ ರಚನೆಯನ್ನು ತೋರುವ ಡಾಮ್ ಇನ್ಸ್‌ಪೆಕ್ಟರ್ ಮತ್ತು ವೆಂಕ್‌ಮನ್ ಎಂಬ ಜಾವಾಸ್ಕ್ರಿಪ್ಟ್ ಡೀಬಗರ್ ಇದ್ದವು; ಆದರೆ ಒಂದಕ್ಕೊಂದು ಹೊಂದಿಕೊಂಡಿರಲಿಲ್ಲ. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಪುಟಗಳು ಬಳಕೆದಾರನಿಗೆ ಕಾಣದಂತೆ ಹಿನ್ನೆಲೆಯಲ್ಲೇ ಸರ್ವರಿನೊಂದಿಗೆ ಮಾತಾಡತೊಡಗಿದವು. ಆ ಮಾತುಕತೆಯನ್ನು ಅಲರ್ಟ್ ಪೆಟ್ಟಿಗೆಯಿಂದ ಹಿಡಿಯುವುದು ಆಗದ ಕೆಲಸ.

ಡಾಮ್ ಇನ್ಸ್‌ಪೆಕ್ಟರನ್ನು ಬರೆದಿದ್ದ ಜೋ ಹೆವಿಟ್ ಅವರೇ 2006ರ ಜನವರಿಯಲ್ಲಿ ಫೈರ್‌ಫಾಕ್ಸಿಗೆ ಫೈರ್‌ಬಗ್ ಎಂಬ ಆಡ್-ಆನ್ ಕೊಟ್ಟರು. ವರ್ಷದ ಬಳಿಕ ಬಂದ 1.0 ಆವೃತ್ತಿ ಮುಕ್ತ ತಂತ್ರಾಂಶವಾಗಿತ್ತು. ಪುಟದ ಕೆಳಗೇ ತೆರೆದುಕೊಳ್ಳುವ ಒಂದು ಫಲಕದಲ್ಲಿ ರಚನೆ, ಸ್ಟೈಲ್, ಸ್ಕ್ರಿಪ್ಟ್, ನೆಟ್‌ವರ್ಕ್ ನಾಲ್ಕನ್ನೂ ಅದು ಒಟ್ಟಿಗೆ ತಂದಿತು. ಮೌಸನ್ನು ಕೋಡಿನ ಮೇಲಿಟ್ಟರೆ ಪುಟದಲ್ಲಿ ಆ ಭಾಗ ಹೊಳೆಯುತ್ತಿತ್ತು. ಅಂಚಿನ ಅಳತೆಯನ್ನು ತಿದ್ದಿದರೆ ಕಣ್ಣೆದುರಿಗೇ ಪುಟ ಸರಿಯುತ್ತಿತ್ತು. ಯಾವ ಚಿತ್ರ ಎಷ್ಟು ಮಿಲಿಸೆಕೆಂಡು ಕಾಯಿಸಿತೆಂಬುದು ಪಟ್ಟಿಗಳ ಸಾಲಾಗಿ ಕಾಣುತ್ತಿತ್ತು. ಅಲರ್ಟಿನ ಬದಲು ಕನ್ಸೋಲ್.ಲಾಗ್ ಬರೆಯುವ ರೂಢಿ ಹರಡಿದ್ದು ಫೈರ್‌ಬಗ್‌ನಿಂದಲೇ. ಆ ಆದೇಶವನ್ನು ಅಳಿಸಲು ಮರೆತು ಪುಟವನ್ನು ಗ್ರಾಹಕರಿಗೆ ಒಪ್ಪಿಸಿದರೆ, ಕನ್ಸೋಲ್ ಎಂಬುದೇ ಇಲ್ಲದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಸ್ಕ್ರಿಪ್ಟ್ ಅಲ್ಲಿಗೇ ನಿಂತುಬಿಡುತ್ತಿತ್ತು. ಹಳೆಯ ಬ್ರೌಸರ್ ಬಿಡದ ಬ್ಯಾಂಕು, ವಿಮಾ ಕಂಪನಿಗಳಿಗೆ ಕೆಲಸ ಮಾಡಿಕೊಡುತ್ತಿದ್ದ ಸೇವಾ ಕಂಪನಿಗಳಿಗೆ ಇದು ನಿತ್ಯದ ತೊಂದರೆ. ಆ ಬ್ರೌಸರಿಗಾಗಿ ಫೈರ್‌ಬಗ್ ಲೈಟ್ ಎಂಬ ಕಿರಿಯ ರೂಪವೂ ಇತ್ತು.

ಫೈರ್‌ಬಗ್ ಎಷ್ಟು ಗಟ್ಟಿ ನೆಲೆಯಾಗಿತ್ತೆಂದರೆ ದೊಡ್ಡ ಕಂಪನಿಗಳೂ ಅದರ ಮೇಲೆ ಕಟ್ಟಿದವು. 2007ರಲ್ಲಿ ಯಾಹೂ ಬಿಡುಗಡೆ ಮಾಡಿದ ವೈಸ್ಲೋ, ಪುಟ ಯಾಕೆ ನಿಧಾನವಾಗಿದೆಯೆಂದು ಅಂಕ ಕೊಟ್ಟು ಹೇಳುತ್ತಿದ್ದ ಸಾಧನ, ಫೈರ್‌ಬಗ್‌ನೊಳಗೇ ಕೂರುತ್ತಿತ್ತು. 2009ರಲ್ಲಿ ಗೂಗಲ್ ಹೊರತಂದ ಪೇಜ್ ಸ್ಪೀಡ್ ಕೂಡ ಹಾಗೆಯೇ. ಯಾಹೂವಿನ ಬೆಂಗಳೂರು ಕೇಂದ್ರ ದೊಮ್ಮಲೂರು ಬಳಿಯ ಎಂಬೆಸಿ ಗಾಲ್ಫ್ ಲಿಂಕ್ಸ್‌ನಲ್ಲಿತ್ತು. ಗೂಗಲ್ ಹಳೆ ಮದ್ರಾಸ್ ರಸ್ತೆಯ ಆರ್‌ಎಂಜೆಡ್ ಇನ್ಫಿನಿಟಿಯಲ್ಲಿ ಕಚೇರಿ ಮಾಡಿತು. ಕೆಲಸದಿಂದ ಹೊರಗಿನ ಕಲಿಕೆಗೂ ಈ ಕಡೆ ಜಾಗವಿತ್ತು. ಇಂದಿರಾನಗರದ ಎಚ್‌ಎಎಲ್ ಎರಡನೇ ಹಂತದಲ್ಲಿ ನೆಲೆಸಿದ ಹ್ಯಾಸ್‌ಗೀಕ್ ಸಂಸ್ಥೆಯನ್ನು 2010ರಲ್ಲಿ ಕಿರಣ್ ಜೊನ್ನಲಗಡ್ಡ ಮತ್ತು ಜೈನಬ್ ಬಾವಾ ಕಟ್ಟಿದರು. ಡಾಕ್‌ಟೈಪ್ ಎಚ್‌ಟಿಎಂಎಲ್5, 2011ರಿಂದ ಜೆಎಸ್‌ಫೂ, 2012ರಲ್ಲಿ ಮೆಟಾ ರಿಫ್ರೆಶ್ ಎಂಬ ಸಮ್ಮೇಳನಗಳ ಮೂಲಕ ಅದು ವೆಬ್ ಪ್ರೋಗ್ರಾಮರುಗಳನ್ನು ಒಂದೆಡೆ ಕೂಡಿಸಿತು. ನಗರದ ವೆಬ್ ಕಸುಬಿಗೆ ತನ್ನದೇ ಮಾತುಕತೆಯ ವೇದಿಕೆ ಸಿಕ್ಕಿದ್ದು ಹೀಗೆ. ಇದರ ಮಹತ್ವ ದೊಡ್ಡ ಕಚೇರಿಗಳದಕ್ಕಿಂತ ಕಡಿಮೆಯಲ್ಲ.

ಅಷ್ಟರಲ್ಲಿ ಬ್ರೌಸರುಗಳೂ ಎಚ್ಚೆತ್ತಿದ್ದವು. ಸಫಾರಿಯ ತಿರುಳಾದ ವೆಬ್‌ಕಿಟ್‌ನಲ್ಲಿ 2006ರಲ್ಲೇ ಇನ್ಸ್‌ಪೆಕ್ಟರ್ ಮೊಳೆತಿತ್ತು; 2008ರಲ್ಲಿ ಕ್ರೋಮ್ ಅದನ್ನು ಹೊತ್ತೇ ಹುಟ್ಟಿತು. ಅದೇ ವರ್ಷ ಒಪೆರಾ ಡ್ರ್ಯಾಗನ್‌ಫ್ಲೈ ಬಂತು. 2009ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಎಫ್12 ಒತ್ತಿದರೆ ಸಾಧನ ತೆರೆಯತೊಡಗಿತು. ಫೈರ್‌ಬಗ್‌ನ ತವರಾದ ಫೈರ್‌ಫಾಕ್ಸ್ ಈ ಓಟದಲ್ಲಿ ತಡವಾಗಿ ಸೇರಿದ್ದು ಸಹಜವೇ, ಅಲ್ಲಿ ಕೊರತೆ ಕಾಣುತ್ತಿರಲಿಲ್ಲ. 2011ರ ಫೈರ್‌ಫಾಕ್ಸ್ 4ರಲ್ಲಿ ವೆಬ್ ಕನ್ಸೋಲ್, 2012ರಲ್ಲಿ ಇನ್ಸ್‌ಪೆಕ್ಟರ್ ಮತ್ತು ಡೀಬಗರ್ ಒಂದೊಂದಾಗಿ ಬಂದವು. 2014ರ ನವೆಂಬರಿನಲ್ಲಿ ಡೆವಲಪರುಗಳಿಗೆಂದೇ ಪ್ರತ್ಯೇಕ ಆವೃತ್ತಿಯೂ ಹೊರಬಂತು.

ಫೈರ್‌ಬಗ್ ಸೋತದ್ದು ಗುಣದಲ್ಲಲ್ಲ, ನೆಲೆಯಲ್ಲಿ. ಬಾಡಿಗೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ಸಂಸಾರ ಮಾಡಿದರೂ ಗೋಡೆ ಕೆಡವುವ ಹಕ್ಕು ಮಾಲೀಕನದು. 2011ರಿಂದ ಫೈರ್‌ಫಾಕ್ಸ್ ಆರು ವಾರಕ್ಕೊಂದು ಆವೃತ್ತಿ ತರಲು ಶುರುಮಾಡಿತು; ಪ್ರತಿ ಸಲವೂ ಆಡ್-ಆನ್ ಅದನ್ನು ಹಿಂಬಾಲಿಸಬೇಕಾಯಿತು. ಹಳೆಯ ಡೀಬಗ್ ವ್ಯವಸ್ಥೆಯನ್ನು ಮೊಜಿಲ್ಲಾ ಕಳಚಿಟ್ಟಾಗ ಫೈರ್‌ಬಗ್ 2014ರ ತನ್ನ 2.0 ಆವೃತ್ತಿಯಲ್ಲಿ ಹೊಸದಕ್ಕೆ ಬದಲಾಯಿತು. ಆದರೆ ಮುಂದಿನ ಪೆಟ್ಟನ್ನು ತಡೆಯಲಾಗಲಿಲ್ಲ. ಬ್ರೌಸರಿನ ಚೌಕಟ್ಟು ಮತ್ತು ವೆಬ್ ಪುಟ ಬೇರೆಬೇರೆ ಪ್ರೊಸೆಸ್‌ಗಳಲ್ಲಿ ನಡೆಯುವ ಏರ್ಪಾಡನ್ನು ಫೈರ್‌ಫಾಕ್ಸ್ 2016ರಿಂದ ಬಳಕೆದಾರರಿಗೆ ಕೊಡತೊಡಗಿತು. ಫೈರ್‌ಬಗ್ ಪುಟದ ವಸ್ತುಗಳನ್ನು ನೇರವಾಗಿ ಮುಟ್ಟುತ್ತಿದ್ದ ಸಾಧನ. ನಡುವೆ ಗೋಡೆ ಎದ್ದ ಮೇಲೆ ಆ ದಾರಿ ಮುಚ್ಚಿತು. ಒಳಗಿನ ಸಾಧನಗಳೋ ಅಷ್ಟರಲ್ಲಾಗಲೇ ಸಂದೇಶಗಳ ಮೂಲಕವೇ ಪುಟವನ್ನು ವಿಚಾರಿಸುತ್ತಿದ್ದವು, ಹೀಗಾಗಿ ಫೋನಿನಲ್ಲಿ ತೆರೆದ ಪುಟವನ್ನೂ ಕಂಪ್ಯೂಟರಿನಲ್ಲಿ ಕೂತು ಪರೀಕ್ಷಿಸಬಹುದಿತ್ತು.

ಹೆವಿಟ್ ಹೊರಟ ಮೇಲೆ ಫೈರ್‌ಬಗ್ಗನ್ನು ಐಬಿಎಂನ ಜಾನ್ ಜೆ. ಬಾರ್ಟನ್ ಮತ್ತು ಮೊಜಿಲ್ಲಾದ ಯಾನ್ ಒಡ್ವಾರ್ಕೊ ಮುನ್ನಡೆಸಿದ್ದರು. ಒಡ್ವಾರ್ಕೊ ಮತ್ತು ಸಂಗಡಿಗರು ಕಡೆಗೆ ಮಾಡಿದ ಕೆಲಸ ಮೆಚ್ಚತಕ್ಕದ್ದು: ಸಮಾನಾಂತರ ಸಾಧನವೊಂದನ್ನು ಎಳೆದಾಡುವ ಬದಲು ಫೈರ್‌ಬಗ್‌ನ ಡಾಮ್ ಫಲಕದಂಥ ಅಂಗಗಳನ್ನೂ ಅದರ ಬಣ್ಣಬೆಡಗನ್ನು ನೆನಪಿಸುವ ಥೀಮನ್ನೂ ಫೈರ್‌ಫಾಕ್ಸಿನ ಒಳಸಾಧನಕ್ಕೇ ತಂದು ಸೇರಿಸಿದರು. 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57 ಹಳೆಯ ಬಗೆಯ ಆಡ್-ಆನ್‌ಗಳನ್ನೆಲ್ಲ ಕೈಬಿಟ್ಟಾಗ ಫೈರ್‌ಬಗ್‌ನ ಕಾಲ ಮುಗಿಯಿತು.

ಕನ್ನಡ ಪುಟಗಳನ್ನು ರೂಪಿಸುವವರಿಗೆ ಒಳಸಾಧನದಿಂದ ಆದ ಲಾಭ ವಿಶೇಷವಾದದ್ದು. ಅಕ್ಷರ ಮೂಡಿಸುವ ಯಂತ್ರವನ್ನೇ ಕೇಳಿ ಉತ್ತರ ತರುವುದರಿಂದ, ಸ್ಟೈಲಿನಲ್ಲಿ ಬರೆದ ಫಾಂಟ್ ಯಾವುದೇ ಇರಲಿ, ತೆರೆಯ ಮೇಲೆ ನಿಜವಾಗಿ ಮೂಡಿರುವುದು ತುಂಗಾವೋ ನೋಟೋ ಸ್ಯಾನ್ಸ್ ಕನ್ನಡವೋ ಎಂದು ಅದು ಹೇಳಬಲ್ಲದು. ಒತ್ತಕ್ಷರ ಒಡೆದು ಕಂಡಾಗ ದೋಷ ಪಠ್ಯದ್ದೋ ಫಾಂಟಿನದೋ ಎಂಬ ಪ್ರಶ್ನೆ ಇಲ್ಲೇ ಬಗೆಹರಿಯುತ್ತದೆ. ನೆಟ್‌ವರ್ಕ್ ಫಲಕದಲ್ಲಿ ಇನ್ನೊಂದು ಪಾಠವಿದೆ. ಕನ್ನಡ ಎಂಬ ಪದ ಐದು ಯೂನಿಕೋಡ್ ಸಂಕೇತಗಳಿಂದಾದದ್ದು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 15 ಬೈಟು ಬೇಕು. ವೆಬ್ ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ವೇಷ ತೊಟ್ಟಾಗ ಅದು 45 ಅಕ್ಷರಸ್ಥಾನ ಹಿಡಿಯುತ್ತದೆ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸಾಧನವೊಂದು ಬ್ರೌಸರಿನಿಂದ ಹೊರಗೆ ಹೋಗುವ ತದ್ವಿರುದ್ಧ ದಾರಿ ಹಿಡಿಯಿತು. ಅಭಿನವ್ ಅಸ್ಥಾನಾ ಮತ್ತು ಅಂಕಿತ್ ಸೋಬ್ತಿ 2009ರಲ್ಲಿ ಯಾಹೂವಿನ ಬೆಂಗಳೂರು ಕೇಂದ್ರದಲ್ಲಿ ಇಂಟರ್ನ್‌ಗಳಾಗಿದ್ದಾಗ ಭೇಟಿಯಾದವರು. ತಂತ್ರಾಂಶಗಳು ಪರಸ್ಪರ ಮಾತಾಡುವ ಎಪಿಐಗಳನ್ನು ಪರೀಕ್ಷಿಸುವ ಕಷ್ಟ ಅವರಿಗೆ ಅಲ್ಲೇ ತಟ್ಟಿತ್ತು. ಅಸ್ಥಾನಾ 2012ರಲ್ಲಿ ಬಿಡುವಿನ ಕೆಲಸವಾಗಿ ಬರೆದ ಪೋಸ್ಟ್‌ಮನ್, ಕ್ರೋಮ್ ವೆಬ್ ಸ್ಟೋರಿನಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದು ಬಾಯಿಂದ ಬಾಯಿಗೆ ಹರಡಿತು. 2014ರಲ್ಲಿ ಇವರಿಬ್ಬರೂ ಅಭಿಜಿತ್ ಕಾಣೆ ಅವರೊಡನೆ ಕಂಪನಿ ಕಟ್ಟಿದರು. ಬ್ರೌಸರಿನ ನೆಟ್‌ವರ್ಕ್ ಫಲಕ ನಡೆದುಹೋದ ಕೋರಿಕೆಯನ್ನು ತೋರಿಸುತ್ತದೆ. ಪೋಸ್ಟ್‌ಮನ್ ಬೇಕಾದ ಕೋರಿಕೆಯನ್ನು ಹೊಸದಾಗಿ ಕಟ್ಟಿ ಕಳಿಸಲು, ಕಾಪಿಟ್ಟು ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳಲು ಬಿಡುತ್ತದೆ. ಇಂದಿಗೂ ಇವೆರಡನ್ನು ಜೊತೆಗಿಟ್ಟೇ ಬಳಸುತ್ತಾರೆ: ಫಲಕದಲ್ಲಿನ ಕೋರಿಕೆಯನ್ನು ಕರ್ಲ್ ಆದೇಶವಾಗಿ ನಕಲಿಸಿ ಪೋಸ್ಟ್‌ಮನ್‌ಗೆ ಅಂಟಿಸಿದರೆ ಹೆಡರುಗಳ ಸಮೇತ ಬಂದು ಕೂರುತ್ತದೆ.

2016ರ ಆಗಸ್ಟಿನಲ್ಲಿ ಗೂಗಲ್, ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಕ್ರೋಮ್ ಆ್ಯಪ್‌ಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಸಾರಿತು. ಫೈರ್‌ಬಗ್‌ಗೆ ಒದಗಿದ್ದ ಸ್ಥಿತಿಯೇ ಅಂಥ ಆ್ಯಪ್ ಆಗಿದ್ದ ಪೋಸ್ಟ್‌ಮನ್‌ಗೂ ಬಂತು. ಆದರೆ ಪೋಸ್ಟ್‌ಮನ್‌ನ ಕೆಲಸವನ್ನು ಪೂರ್ತಿ ಮಾಡಿಕೊಡುವ ಸಾಧನ ಕ್ರೋಮಿನೊಳಗೆ ಇರಲಿಲ್ಲ. ಅದರ ಬೆನ್ನಿಗೆ ದುಡಿಯುವ ಕಂಪನಿಯಿತ್ತು, ಬಂಡವಾಳವಿತ್ತು. ಹೀಗಾಗಿ ಪೋಸ್ಟ್‌ಮನ್ ಎಲೆಕ್ಟ್ರಾನ್ ಎಂಬ ತಳಹದಿಯ ಮೇಲೆ ಸ್ವತಂತ್ರ ಆ್ಯಪ್ ಆಗಿ ನಿಂತಿತು. 2018ರಲ್ಲಿ ಕ್ರೋಮ್ ಆವೃತ್ತಿಗೆ ಬೆಂಬಲ ನಿಂತಿತು. ಎಲೆಕ್ಟ್ರಾನಿನ ಹೊಟ್ಟೆಯಲ್ಲಿರುವುದೂ ಕ್ರೋಮಿನ ಮೂಲವಾದ ಕ್ರೋಮಿಯಮ್ಮೇ, ಆದ್ದರಿಂದ ಪೋಸ್ಟ್‌ಮನ್‌ನಲ್ಲೇ ತೊಂದರೆ ಬಂದರೆ ಮೆನುವಿನಿಂದ ಬ್ರೌಸರಿನ ಅದೇ ಡೆವಲಪರ್ ಸಾಧನವನ್ನು ತೆರೆದು ನೋಡಬಹುದು. 2021ರ ಆಗಸ್ಟಿನಲ್ಲಿ ಕಂಪನಿ 22.5 ಕೋಟಿ ಡಾಲರ್ ಬಂಡವಾಳ ಎತ್ತಿದಾಗ ಅದರ ಮೌಲ್ಯ 560 ಕೋಟಿ ಡಾಲರಾಗಿತ್ತು. ಮುಖ್ಯ ಕಚೇರಿ ಆ ವೇಳೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿತ್ತು.

ನೆಚ್ಚಿದ ಸಾಧನವನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಸರದಿ ಪೋಸ್ಟ್‌ಮನ್ ಬಳಕೆದಾರರಿಗೂ ಬಂತು. ಲಾಗಿನ್ ಇಲ್ಲದೆ, ಕಡತಗಳನ್ನು ತಮ್ಮ ಯಂತ್ರದಲ್ಲೇ ಇಟ್ಟುಕೊಂಡು ಕೆಲಸ ಮಾಡಲು ಇದ್ದ ಸ್ಕ್ರ್ಯಾಚ್ ಪ್ಯಾಡನ್ನು ಕೈಬಿಡುವುದಾಗಿ ಕಂಪನಿ 2023ರಲ್ಲಿ ತಿಳಿಸಿದಾಗ, ಗ್ರಾಹಕರ ಗುಟ್ಟಿನ ಕೀಲಿಗಳನ್ನು ಹೊರಗಿನ ಸರ್ವರಿಗೆ ಕಳಿಸಲು ಒಪ್ಪದ ತಂಡಗಳು ಪರ್ಯಾಯ ಹುಡುಕಿದವು. ಆ ಹುಡುಕಾಟದಲ್ಲಿ ಹಲವರ ಕೈಸೇರಿದ ಬ್ರೂನೋ ಕೂಡ ಬೆಂಗಳೂರಿನದೇ. ಅನೂಪ್ ಎಂ.ಡಿ. ಆರಂಭಿಸಿದ ಈ ಮುಕ್ತ ತಂತ್ರಾಂಶ ಪ್ರತಿಯೊಂದು ಕೋರಿಕೆಯನ್ನೂ ಸರಳ ಪಠ್ಯದ ಕಡತವಾಗಿ ಬಳಕೆದಾರನ ಡಿಸ್ಕಿನಲ್ಲೇ ಉಳಿಸುತ್ತದೆ. ಕೋಡಿನ ಜೊತೆಗೇ ಅದನ್ನು ಗಿಟ್‌ನಲ್ಲಿ ಇಡಬಹುದು.