ಮಲ್ಲಿತಮ್ಮನ ರುಜು, ಪಟ್ಟಣದ ಅಗ್ನಿಬಾಣ

ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನಲ್ಲಿ 1250ರ ಸುಮಾರಿಗೆ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಎದ್ದ ಲಕ್ಷ್ಮೀನಾರಾಯಣ ದೇಗುಲವಿದೆ. ಅದರ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಅದಕ್ಕೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ದೇವತೆಯರ ಕೊರಳಿನ ಸರದಲ್ಲಿ ಮಣಿ ಮಣಿಯನ್ನೂ ಬೇರೆಬೇರೆಯಾಗಿ ಎಣಿಸಬಹುದು. ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾದದ್ದು ಶಿಲ್ಪಿಯ ಕೈಯಿಂದ ಎನ್ನುವುದು ಅರ್ಧ ಸತ್ಯ. ಇನ್ನರ್ಧ ಇರುವುದು ಕಲ್ಲಿನಲ್ಲಿ.

ಅದು ಬಳಪದ ಕಲ್ಲು. ಕಣಿಯಿಂದ ಎಬ್ಬಿಸಿದ ಹೊಸದರಲ್ಲಿ ಮೆತ್ತಗಿದ್ದು ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಮೈಯೊಡ್ಡಿದ ಮೇಲೆ ಗಡುಸಾಗುತ್ತದೆ. ಪಕ್ಕದ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗಂಗರ ಕಾಲದ ಅಲ್ಲಿನ ಪಂಚಕೂಟ ಬಸದಿಯ ಗೋಡೆಗಳು ಗಂಭೀರವಾಗಿವೆ, ಸರಳವಾಗಿವೆ. ಗಟ್ಟಿ ಕಲ್ಲು ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಹೊಯ್ಸಳರ ರೂವಾರಿಗಳು ಕಲ್ಲನ್ನು ಬದಲಿಸಿದರು, ಅದರೊಂದಿಗೆ ಕಲೆಯೂ ಬದಲಾಯಿತು. ಹೊಳಪು ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆಯುವುದು ಸಾಧ್ಯವಾದದ್ದೂ ಇದೇ ಕಲ್ಲಿನಿಂದ.

ಸಾಮಗ್ರಿಯನ್ನು ಹುಡುಕಿ ತರುವುದು ಒಂದು, ಇರುವ ಆಯುಸ್ಸನ್ನು ಯಾವ ವಿದ್ಯೆಗೆ ಸುರಿಯಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಎಲ್ಲ ಕಸುಬುಗಳ ಚರಿತ್ರೆಯನ್ನೂ ಈ ಎರಡು ಲೆಕ್ಕದಲ್ಲಿ ಓದಬಹುದು. ಇಂದಿನ ಹುಡುಗ ಹುಡುಗಿಯರಿಗೆ ಈ ಲೆಕ್ಕ ಆನ್‌ಲೈನ್ ಆಟಗಳಿಂದಲೇ ಚೆನ್ನಾಗಿ ಗೊತ್ತು. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಕಮ್ಮಾರನಾಗಬೇಕೆಂದವನು ಗುದ್ದಲಿ ಹಿಡಿದು ಬೆಟ್ಟಕ್ಕೆ ಹೋಗಬೇಕು, ಅದಿರು ಅಗೆಯಬೇಕು, ಕರಗಿಸಿ ಗಟ್ಟಿ ಮಾಡಬೇಕು. ಆಗ ಒಂದು ಕೌಶಲಕ್ಕೆ ಹೆಚ್ಚೆಂದರೆ 100 ಅಂಕ, ಎಲ್ಲ ಕೌಶಲಗಳಿಗೂ ಸೇರಿ 700 ಇತ್ತು. ಅದರಾಚೆಗೆ ಒಂದನ್ನು ಏರಿಸಬೇಕಾದರೆ ಇನ್ನೊಂದನ್ನು ಇಳಿಸಬೇಕಿತ್ತು. ಕತ್ತಿವರಸೆ, ವೈದ್ಯ, ಮಂತ್ರ, ಕಮ್ಮಾರಿಕೆ ಎಲ್ಲದರಲ್ಲೂ ಒಬ್ಬನೇ ಪ್ರವೀಣನಾಗುವಂತಿರಲಿಲ್ಲ. ನೂರು ಮುಟ್ಟಿದ ಕುಶಲಿಗೆ ಮಾತ್ರ ಒಂದು ಹಕ್ಕು ಸಿಗುತ್ತಿತ್ತು: ತಾನು ಮಾಡಿದ ಅತ್ಯುತ್ತಮ ವಸ್ತುವಿನ ಮೇಲೆ ತನ್ನ ಹೆಸರು ಹಾಕುವುದು.

ಹೊಯ್ಸಳ ನಾಡಿನಲ್ಲಿ ಆ ಹಕ್ಕು ಅದಕ್ಕೂ ಏಳೆಂಟು ಶತಮಾನ ಮೊದಲೇ ಚಾಲ್ತಿಯಲ್ಲಿತ್ತು. ಭಾರತದ ಹೆಚ್ಚಿನ ಕಡೆ ದೇಗುಲ ಕಟ್ಟಿಸಿದ ದೊರೆಯ ಹೆಸರು ಉಳಿದು ಕೆತ್ತಿದವರ ಹೆಸರು ಅಳಿದುಹೋಯಿತು. ಇಲ್ಲಿ ಹಾಗಾಗಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೊರೆದರು, ಜೊತೆಗೆ ಬಿರುದುಗಳನ್ನೂ. ಇಂಥ ರುಜುಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ರೂವಾರಿ ಮಲ್ಲಿತಮ್ಮನದು. 1196ರ ಅಮೃತಾಪುರ ದೇಗುಲದಲ್ಲಿ ಅವನ ಹೆಸರಿದೆ. 13ನೇ ಶತಮಾನದ ಉತ್ತರಾರ್ಧಕ್ಕೆ ಬಂದರೆ ಕಾವೇರಿಯ ದಡದ ಸೋಮನಾಥಪುರದಲ್ಲೂ ಇದೆ. ಅಲ್ಲಿ ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ‘ಮಲ್ಲಿ’, ಇನ್ನು ಕೆಲವು ಕಡೆ ಬರೀ ‘ಮ’. ಎಲ್ಲವೂ ಒಬ್ಬನದೇ ಆದರೆ ಅವನು ಅರವತ್ತು ವರ್ಷಕ್ಕೂ ಮೇಲೆ ಉಳಿ ಹಿಡಿದಿದ್ದ ಎಂದಾಯಿತು. ಒಂದೇ ಹೆಸರಿನವರು ಒಬ್ಬರಿಗಿಂತ ಹೆಚ್ಚು ಇದ್ದಿರಬೇಕೆಂಬ ವಾದವೂ ಉಂಟು, ಅದು ಒಪ್ಪುವಂಥದ್ದೇ.

ಕೆಲಸ ಹಂಚಿಕೊಳ್ಳುತ್ತಿದ್ದ ಬಗೆಗೂ ಸಾಕ್ಷಿಯಿದೆ. 1246ರ ನುಗ್ಗೇಹಳ್ಳಿ ದೇಗುಲದಲ್ಲಿ ಒಂದು ಬದಿಯ ಮೂರ್ತಿಗಳು ಮಲ್ಲಿತಮ್ಮನವು, ಇನ್ನೊಂದು ಬದಿಯವು ಬೈಚೋಜನವು. ಒಂದೇ ಗುಡಿ, ಒಂದೇ ಕಲ್ಲು, ಎರಡು ಕೈ. ಸೋಮನಾಥಪುರದಲ್ಲಿ ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ ಎಂಬ ಹೆಸರುಗಳೂ ಇವೆ. ಇವರೆಲ್ಲ ಊರಿಂದೂರಿಗೆ ಕೆಲಸ ಇದ್ದಲ್ಲಿಗೆ ಹೋಗುತ್ತಿದ್ದ ಕಸುಬುದಾರರು. ಕಿಕ್ಕೇರಿಯ ಬ್ರಹ್ಮೇಶ್ವರ ದೇಗುಲವನ್ನು 1171ರಲ್ಲಿ ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದಳು. ಅಂಥ ಒಂದೊಂದು ದಾನವೂ ಎಷ್ಟೋ ಮಂದಿಗೆ ಕೂಲಿಯಾಗಿರಬೇಕು, ಎಷ್ಟೋ ಎಳೆಯರಿಗೆ ಪಾಠಶಾಲೆಯಾಗಿರಬೇಕು.

ನಾಗಮಂಗಲದ ದಾರಿ ಕಲ್ಲಿನದಲ್ಲ, ಲೋಹದ್ದು. ಹಿತ್ತಾಳೆ, ಕಂಚು, ಪಂಚಲೋಹದ ಎರಕಕ್ಕೆ ಹೆಸರಾದ ಊರು ಅದು. ಉತ್ಸವಮೂರ್ತಿ, ಪ್ರಭಾವಳಿ, ಕಳಶಗಳು ವಿಶ್ವಕರ್ಮರ ಕುಲುಮೆಗಳಿಂದ ಹೊರಟು ನಾಡಿನ ಗುಡಿಗಳನ್ನು ಸೇರಿದವು. ಮೇಣದ ಅಚ್ಚಿನ ಈ ಎರಕದ ವಿಧಾನವನ್ನು ಕನ್ನಡ ನಾಡಿನ ದೊರೆಯೊಬ್ಬ 12ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಈ ವಿಷಯದಲ್ಲಿ ಅಚ್ಚುಕಟ್ಟಾದ ಕೈಪಿಡಿ. ಮೊದಲು ಮೂರ್ತಿಯನ್ನು ಮೇಣದಲ್ಲಿ ತಿದ್ದಬೇಕು. ಮಣ್ಣು ಬಳಿಯುವ ಮುಂಚೆಯೇ ಆ ಮೇಣವನ್ನು ತೂಗಬೇಕು. ಬೆಳ್ಳಿಯ ಮೂರ್ತಿಯಾದರೆ ಮೇಣದ 12 ಪಟ್ಟು ಬೆಳ್ಳಿ, ಚಿನ್ನದ್ದಾದರೆ 16 ಪಟ್ಟು ಚಿನ್ನ. ಮೇಣದ ಮೇಲೆ ಬಳಿಯುವ ಮಣ್ಣಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಚೂರು ಉಪ್ಪು ಬೆರೆಸಿ ನುಣ್ಣಗೆ ಅರೆಯಬೇಕು. ಮೊದಲ ಲೇಪ ತೆಳುವಾಗಿರಬೇಕು, ನೆರಳಲ್ಲಿ ಒಣಗಬೇಕು. ಆಮೇಲೆ ಎರಡನೆಯದು, ಮೂರನೆಯದು. ಕಾಯಿಸಿದಾಗ ಮೇಣ ಕರಗಿ ಹೊರಗೆ ಹರಿಯುತ್ತದೆ, ಅದು ಬಿಟ್ಟ ಜಾಗಕ್ಕೆ ಕಾದ ಲೋಹ ಇಳಿಯುತ್ತದೆ.

ಆರಿದ ಮೇಲೆ ಅಚ್ಚನ್ನು ಒಡೆದೇ ಮೂರ್ತಿಯನ್ನು ತೆಗೆಯಬೇಕು. ಆದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಒಳಗೆ ಗಾಳಿ ಸಿಕ್ಕಿಕೊಂಡರೆ, ಲೋಹ ಬೆರಳ ತುದಿಗೆ ಮುಟ್ಟದೆ ನಿಂತರೆ, ದಿನಗಟ್ಟಲೆಯ ಕೆಲಸ ಹೋದಂತೆಯೇ. ‘ಅಲ್ಟಿಮಾ’ದಲ್ಲೂ ಪ್ರಯತ್ನ ಕೈಕೊಟ್ಟರೆ ಗಟ್ಟಿ ಲೋಹ ನಷ್ಟವಾಗುತ್ತಿತ್ತು. ಆದರೆ ಎರಕದವನಿಗೆ ಲೋಹ ನಷ್ಟವಾಗುವುದಿಲ್ಲ, ಅದನ್ನು ಮತ್ತೆ ಕರಗಿಸಬಹುದು. ಮರಳಿ ಬಾರದಿರುವುದು ಮೇಣದಲ್ಲಿ ತಿದ್ದಿದ ಆ ಮುಖ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಾಮಗ್ರಿಯೇ ಊರಿನ ಕೀರ್ತಿಯಾಗಿತ್ತು. ಅಲ್ಲಿ ಸಿಗುವ ನುಣುಪಾದ ಬಿಳಿ ಮಣ್ಣು ಶ್ರೀವೈಷ್ಣವರ ನಾಮಕ್ಕೆ ಬೇಕಾದದ್ದು. ಗರುಡ ಅದನ್ನು ಶ್ವೇತದ್ವೀಪದಿಂದ ತಂದನೆಂದು ಐತಿಹ್ಯ. ಕಾಶಿಯವರೆಗೂ ಅದು ಹೋಗುತ್ತಿತ್ತು.

ಇನ್ನು ಶ್ರೀರಂಗಪಟ್ಟಣ. ಹೈದರ್ ಮತ್ತು ಟಿಪ್ಪುವಿನ ಅಗ್ನಿಬಾಣಗಳ ಗುಟ್ಟು ಅವುಗಳ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ ಇಲ್ಲವೆ ಬಿದಿರಿನ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು, ಅದಕ್ಕೇ ಬಾಣ ದೂರ ಹೋಗುತ್ತಿತ್ತು. ಗೇಣುದ್ದದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ಬಿದಿರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಿಕ್ಕಿದ ಸಾವಿರಕ್ಕೂ ಹೆಚ್ಚು ಕೊಳವೆಗಳು 23ರಿಂದ 26 ಸೆಂಟಿಮೀಟರ್ ಉದ್ದದವು.

ಈ ಒಂದು ಬಾಣಕ್ಕೆ ಬೇಕಾದ ಸಾಮಗ್ರಿಯ ಜಾಡು ಹಿಡಿದು ಹೊರಟರೆ ಇಡೀ ಸಂಸ್ಥಾನ ಸುತ್ತಿದಂತಾಗುತ್ತದೆ. ಮದ್ದಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಕೊಳವೆಗೆ ಕಬ್ಬಿಣ, ಕಡ್ಡಿಗೆ ಬಿದಿರು, ಕಟ್ಟಲು ಚರ್ಮದ ಪಟ್ಟಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣ ತೆಗೆಯುವವರನ್ನು ಹತ್ತಿರದಿಂದ ಕಂಡು ಬರೆದಿದ್ದಾನೆ. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತಂದ ಕಪ್ಪು ಮರಳನ್ನು ಜನ ಬಾಚಿ, ತೊಳೆದು, ಕುಲುಮೆಗೆ ಹಾಕುತ್ತಿದ್ದರು. ಉಕ್ಕು ಮಾಡುವವರು ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿಟ್ಟು, ತಂಗಡಿ ಗಿಡದ ಕಡ್ಡಿ ಚೂರು, ಹಸಿ ಎಲೆ ಸೇರಿಸಿ, ಬಾಯಿ ಮುಚ್ಚಿ, ತಿದಿ ಒತ್ತುತ್ತಿದ್ದರು. ಕಡ್ಡಿಯಲ್ಲಿದ್ದ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. 2001ರಲ್ಲಿ ಶುರುವಾದ ‘ರೂನ್‌ಸ್ಕೇಪ್’ ಆಟದಲ್ಲಿ ಒಂದು ಕಬ್ಬಿಣದ ಅದಿರಿಗೆ ಎರಡು ಕಲ್ಲಿದ್ದಲು ಸೇರಿಸಿದರೆ ಉಕ್ಕಿನ ಗಟ್ಟಿ ಸಿಗುತ್ತಿತ್ತು. ಲೆಕ್ಕದ ತಿರುಳು ಒಂದೇ. ತಿದಿ ಒತ್ತುವವನ ಬೆವರು ಮಾತ್ರ ಆಟದಲ್ಲಿಲ್ಲ.

ಕೌಶಲದ ಹಂಚಿಕೆಯೂ ಇಲ್ಲಿ ಬೇರೆಯಾಗಿತ್ತು. ಹೊಯ್ಸಳ ಕಾಲದಲ್ಲಿ ರೂವಾರಿ ತನ್ನ ದಾರಿಯನ್ನು ತಂದೆಯಿಂದಲೋ ಗುರುವಿನಿಂದಲೋ ಪಡೆದ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಯಾರು ಏನು ಮಾಡಬೇಕೆಂದು ಅರಸನೇ ಗೊತ್ತು ಮಾಡಿದ. ಸೈನ್ಯದ ಪ್ರತಿ ದಳದಲ್ಲೂ, ಅಂದರೆ ಪ್ರತಿ ಕುಶೂನ್‌ನಲ್ಲೂ ಬಾಣ ಹಾರಿಸಲೆಂದೇ ಪಳಗಿದ ಆಳುಗಳಿದ್ದರು. ನಾಡಿನಲ್ಲಿ ಇಲ್ಲದ ವಿದ್ಯೆಯನ್ನು ಹೊರಗಿನಿಂದ ತರಿಸುವ ಯತ್ನವೂ ನಡೆಯಿತು. 1788ರಲ್ಲಿ ಹದಿನಾರನೇ ಲೂಯಿಯ ಬಳಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಕೇಳಿದ್ದರಲ್ಲಿ ಕುಶಲಕರ್ಮಿಗಳೂ ಸೇರಿದ್ದರು: ಫಿರಂಗಿ ಎರಕದವರು, ಗಡಿಯಾರದವರು, ಗಾಜಿನವರು, ಪಿಂಗಾಣಿಯವರು. ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹುಕಾಲ ಉಳಿಯಿತು. ಅದೇ ಇಂದಿನ ಪಾಂಡವಪುರ.

1780ರಲ್ಲಿ ಈ ಬಾಣಗಳು ಹಾರಿದ ಪೊಲ್ಲಿಲೂರಿನ ಕದನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆ ಸೋತದ್ದಕ್ಕೆ ಅವನ ಮದ್ದಿನ ಗಾಡಿಗಳು ಸಿಡಿದದ್ದೂ ಒಂದು ಕಾರಣ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಚಿತ್ರದಲ್ಲಿ ಆ ಸ್ಫೋಟ ಇಂದಿಗೂ ಕಾಣುತ್ತದೆ. 1799ರ ಮೇ 4ರಂದು ಕೋಟೆ ಬಿದ್ದಿತು. ಗೆದ್ದವರು ಸಾಗಿಸಿದ ಬಾಣಗಳು ಇಂಗ್ಲೆಂಡಿನ ವುಲ್ವಿಚ್ ಸೇರಿದವು. ವಿಲಿಯಂ ಕಾಂಗ್ರೀವ್ ಕೆಲವೇ ವರ್ಷಗಳಲ್ಲಿ ತನ್ನ ರಾಕೆಟ್ ರೂಪಿಸಿದ, 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಬೆಂಕಿಗೆ ಸಿಕ್ಕಿತು. ಈ ಕಥೆಯನ್ನು ಆಧುನಿಕ ವಿಜ್ಞಾನಿಯ ಕಣ್ಣಿನಿಂದ ಬಿಡಿಸಿ ಹೇಳಿದವರು ರೊದ್ದಂ ನರಸಿಂಹ, 1985ರ ತಮ್ಮ ಪ್ರಬಂಧದಲ್ಲಿ.

ಕಾಂಗ್ರೀವ್‌ನ ಹೆಸರು ರಾಕೆಟ್ಟಿಗೇ ಅಂಟಿಕೊಂಡಿತು. ಪಟ್ಟಣದ ಬಂದೂಕುಗಳ ಮೇಲೂ ಊರಿನ ಹೆಸರು, ಟಿಪ್ಪುವಿನ ಮೌಲೂದಿ ಇಸವಿ, ತಯಾರಿಸಿದವರ ಹೆಸರು ಕಾಣುವುದುಂಟು. ಆದರೆ ಕೊಳವೆ ಬಡಿದವರು, ಮದ್ದು ಅರೆದವರು, ಕಪ್ಪು ಮರಳು ಬಾಚಿದವರು ಯಾರೆಂದು ಇತಿಹಾಸದ ಪುಸ್ತಕಗಳು ಹೇಳುವುದಿಲ್ಲ. ಟಿಪ್ಪುವಿನ ಬಗ್ಗೆ ಇಷ್ಟೆಲ್ಲ ವಾದ ಮಾಡುವ ನಾಡು ಅವನ ಕಮ್ಮಾರರ ಬಗ್ಗೆ ಇಷ್ಟು ಕಡಿಮೆ ಕೇಳಿರುವುದು ನೋವಿನ ಸಂಗತಿ.

ಕಿಕ್ಕೇರಿಯ ಸಮೀಪ ಗೋವಿಂದನಹಳ್ಳಿಯಿದೆ. ಅಲ್ಲಿನ ಪಂಚಲಿಂಗೇಶ್ವರ ದೇಗುಲದಲ್ಲಿ ಒಂದೇ ಸಾಲಿನಲ್ಲಿ ಐದು ಗರ್ಭಗುಡಿಗಳು; ಹೊಯ್ಸಳರ ದೇಗುಲಗಳಲ್ಲಿ ಇದು ಅಪರೂಪ. ಅಲ್ಲಿಯ ಕೆಲಸದಲ್ಲೂ ಮಲ್ಲಿತಮ್ಮನ ಕೈಯಿದೆ. ಬೇಲೂರು, ಹಳೇಬೀಡಿಗೆ ಹೋಗುವ ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿಗೂ ಬರಬೇಕು. ಮಕ್ಕಳಿಗೆ ಅರಸರ ವಂಶಾವಳಿಗಿಂತ ಮೊದಲು ಆ ರೂವಾರಿಯ ಹೆಸರು ಹೇಳಿಕೊಡಿ.