ಬ್ಲ್ಯಾಕ್‌ಪೂಲನ್ನು ಕಟ್ಟಿದ ಗಿರಣಿಗಳು

ಮಕ್ಕಳ ಹಟಕ್ಕೆ ಮಣಿದು ದೀಪಾಲಂಕಾರ ನೋಡಲು ಬ್ಲ್ಯಾಕ್‌ಪೂಲಿಗೆ ಹೋಗಿ ಬಂದವರು ನಮ್ಮಲ್ಲಿ ಅನೇಕರು. ಆ ಊರನ್ನು ಬೆಳೆಸಿದ್ದು ಬರೀ ಕಡಲಲ್ಲ, ಹತ್ತಿಗಿರಣಿ.

1846ರಲ್ಲಿ ಅಲ್ಲಿಗೆ ರೈಲು ಬಂತು. ಲ್ಯಾಂಕಾಷೈರಿನ ಗಿರಣಿಗಳಲ್ಲಿ ಯಂತ್ರ ಸುಧಾರಿಸಿ ಉತ್ಪಾದನೆ ಹೆಚ್ಚಿದಂತೆ ಕೂಲಿಯೂ ಏರಿತು. ಕೆಲಸಗಾರರ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. 'ವೇಕ್ಸ್' ವಾರದಲ್ಲಿ ಒಂದೊಂದು ಊರಿನ ಗಿರಣಿಗಳೂ ಸರದಿಯಂತೆ ಮುಚ್ಚುತ್ತಿದ್ದವು. ಊರಿಗೆ ಊರೇ ರೈಲು ಹತ್ತುತ್ತಿತ್ತು. ರಜೆಗೆ ಸಂಬಳವಿಲ್ಲ, ವರ್ಷವಿಡೀ ವಂತಿಗೆ ಕಟ್ಟಿ ಕೂಡಿಟ್ಟ ಹಣವೇ ಗತಿ. 1894ರಲ್ಲಿ ಗೋಪುರ ಎದ್ದಿತು. ಸಂಬಳಸಹಿತ ರಜೆಯ ಕಾಯಿದೆ ಬಂದದ್ದು 1938ರಲ್ಲಿ.

ಗಿರಣಿಯಲ್ಲಿ ಒಬ್ಬಳೇ ಹಲವು ಮಗ್ಗ ನೋಡಿಕೊಳ್ಳಬಹುದು. ವಸತಿಗೃಹದ ಒಡತಿಯಾದರೋ ಪ್ರತಿ ಹಾಸಿಗೆಯನ್ನೂ ಕೈಯಿಂದಲೇ ಹಾಸಬೇಕು. ಚಳಿಗಾಲದಲ್ಲಿ ಕೋಣೆಗಳು ಖಾಲಿ. ಪ್ರವಾಸಿಗರ ಕಾಲವನ್ನು ಇನ್ನಷ್ಟು ವಾರ ಎಳೆಯುವ ಉಪಾಯವೇ ಆ ದೀಪಾಲಂಕಾರ!

1960ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಸ್ಪೇನಿಗೆ ವಿಮಾನ ಅಗ್ಗವಾಯಿತು. ಇಂದು ಬ್ಲ್ಯಾಕ್‌ಪೂಲ್ ಇಂಗ್ಲೆಂಡಿನ ಅತಿ ಬಡ ಊರುಗಳಲ್ಲೊಂದು. ಪ್ರವಾಸಿಗರು ಬಂದರೆ ಊರು ಉದ್ಧಾರವೆಂಬ ಮಾತನ್ನು ನಮ್ಮ ಹಂಪಿ, ಕೊಡಗುಗಳ ಬಗೆಗೂ ಕೇಳುತ್ತೇವೆ. ಬರುವವರ ಜೇಬು ತುಂಬಿಸುವ ದುಡಿಮೆ ಎಲ್ಲಿ ನಡೆದಿದೆ, ಎಷ್ಟು ಕಾಲ ನಡೆದೀತು ಎಂಬುದನ್ನೂ ಜೊತೆಗೆ ಕೇಳಿಕೊಳ್ಳೋಣ.