ಐಎನ್‌ಎಎಸ್ 310 (ಕೋಬ್ರಾ)

ಐಎನ್‌ಎಎಸ್ 310 ಕಡಲ ಗಸ್ತು ಮತ್ತು ಜಲಾಂತರ್ಗಾಮಿಗಳ ಶೋಧಕ್ಕಾಗಿ ಕಟ್ಟಲಾದ ಭಾರತೀಯ ನೌಕಾಪಡೆಯ ವಿಮಾನದಳ. ‘ಕೋಬ್ರಾ’ ಎಂಬ ಹೆಸರಿನಿಂದ ಪ್ರಸಿದ್ಧ. 1961ರ ಗೋವಾ ವಿಮೋಚನೆಯಲ್ಲೂ 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲೂ ಸೇವೆ ಸಲ್ಲಿಸಿದೆ. ಇದರ ನೆಲೆ ಗೋವಾದ ದಾಬೋಲಿಮ್‌ನಲ್ಲಿರುವ ಐಎನ್‌ಎಸ್ ಹಂಸ.

ಸ್ಥಾಪನೆ ಮತ್ತು ವಿಮಾನ

ದಳವು 1961ರ ಮಾರ್ಚ್ 21ರಂದು ಫ್ರಾನ್ಸಿನ ಇಯೇರ್‌ನಲ್ಲಿ ಆರಂಭವಾಯಿತು. ಅದೇ ತಿಂಗಳು ಸೇವೆಗೆ ಸೇರಿದ್ದ ವಿಮಾನವಾಹಕ ನೌಕೆ ವಿಕ್ರಾಂತ್‌ಗೆಂದು ಬ್ರೆಗೆ ಕಂಪನಿಯ ಅಲಿಝೆ ವಿಮಾನಗಳನ್ನು ಕೊಳ್ಳಲಾಗಿತ್ತು. ಮೂವರು ಸಿಬ್ಬಂದಿಯ ಈ ವಿಮಾನಕ್ಕೆ ಒಂದೇ ಟರ್ಬೊಪ್ರಾಪ್ ಎಂಜಿನ್. ಹಾರುವಾಗ ಹೊಟ್ಟೆಯೊಳಗಿನಿಂದ ರೇಡಾರ್ ಗುಮ್ಮಟ ಕೆಳಕ್ಕಿಳಿಯುತ್ತಿತ್ತು. ನೀರಿನಡಿಯ ಸದ್ದು ಆಲಿಸುವ ಸೋನೊಬಾಯ್‌ಗಳನ್ನು ಕಡಲಿಗೆ ಎಸೆದು ಜಲಾಂತರ್ಗಾಮಿಯ ಜಾಡು ಹಿಡಿಯಲಾಗುತ್ತಿತ್ತು. ಟಾರ್ಪೆಡೊ ಅಥವಾ ಡೆಪ್ತ್ ಚಾರ್ಜ್‌ಗಳನ್ನೂ ಇದು ಹೊರುತ್ತಿತ್ತು. ನೌಕೆಯಲ್ಲಿ ಜಾಗ ಕಡಿಮೆ. ಹಾಗಾಗಿ ರೆಕ್ಕೆಗಳನ್ನು ಮಡಚಿ ನಿಲ್ಲಿಸುತ್ತಿದ್ದರು.

ಗೋವಾ ವಿಮೋಚನೆ, 1961

ಆಗ ಗೋವಾದಂತೆ ಕಾರವಾರದ ಎದುರಿನ ಅಂಜದೀವ್ ದ್ವೀಪವೂ ಪೋರ್ಚುಗೀಸರ ಕೈಯಲ್ಲಿತ್ತು. ನವೆಂಬರ್‌ನಲ್ಲಿ ಅಲ್ಲಿಂದ ಪ್ರಯಾಣಿಕರ ಹಡಗು ‘ಸಾಬರಮತಿ’ಯ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ನೌಕಾಪಡೆ ದ್ವೀಪಕ್ಕೆ ಸಿಬ್ಬಂದಿಯನ್ನು ಇಳಿಸಿತು. ಆ ಹೋರಾಟದಲ್ಲಿ ಏಳು ನಾವಿಕರು ಹುತಾತ್ಮರಾದರು. ಗೋವಾದಿಂದಾಚೆ ಸಮುದ್ರದಲ್ಲಿ ವಿಕ್ರಾಂತ್ ಕಾವಲಿತ್ತು. ಅದರ ಅಲಿಝೆಗಳು ಗಸ್ತು ಮತ್ತು ವೀಕ್ಷಣೆ ನಡೆಸಿದವು.

1971ರ ಯುದ್ಧ

ಈ ಯುದ್ಧದಲ್ಲಿ ದಳದ ಕೆಲಸ ಎರಡು ಕಡಲುಗಳಿಗೆ ಹಂಚಿಹೋಯಿತು. ಬಂಗಾಳ ಕೊಲ್ಲಿಯಲ್ಲಿದ್ದ ವಿಕ್ರಾಂತ್‌ನ ಒಂದು ಬಾಯ್ಲರ್ ಕೆಟ್ಟು ನೌಕೆಯ ವೇಗ ಕುಗ್ಗಿತ್ತು. ಡೆಕ್‌ನಿಂದ ವಿಮಾನ ಏರಲು ಎದುರುಗಾಳಿ ಬೇಕು. ನೌಕೆ ನಿಧಾನವಾದರೆ ಆ ಗಾಳಿಯೂ ತಗ್ಗುತ್ತದೆ. ಅಂಥ ಸ್ಥಿತಿಯಲ್ಲೂ ನೌಕೆಯ ಸೀ ಹಾಕ್ ಯುದ್ಧವಿಮಾನಗಳು ಹಗಲಿನಲ್ಲಿ ದಾಳಿ ಮಾಡಿದರೆ, ಅಲಿಝೆಗಳು ರಾತ್ರಿಯ ದಾಳಿ ಮತ್ತು ಗಸ್ತನ್ನು ವಹಿಸಿಕೊಂಡವು. ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್‌ಗಳನ್ನು ಸಮುದ್ರದ ಕಡೆಯಿಂದ ಮುಚ್ಚಿಹಾಕುವಲ್ಲಿ ಈ ಹಾರಾಟಗಳ ಪಾಲು ದೊಡ್ಡದು.

ಅರಬ್ಬೀ ಸಮುದ್ರದಲ್ಲಿ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಮ್ಮ ಖುಕ್ರಿ ನೌಕೆಯನ್ನು ಮುಳುಗಿಸಿತು. ಮರುದಿನ ಗಸ್ತಿನಲ್ಲಿದ್ದ ಅಲಿಝೆಯೊಂದನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದುರುಳಿಸಿತು. ಮೂವರು ಸಿಬ್ಬಂದಿಯೂ ಪ್ರಾಣ ತೆತ್ತರು. ನಿಧಾನವಾಗಿ, ತಗ್ಗಿನಲ್ಲಿ ಹಾರಿ ಕಡಲನ್ನು ಶೋಧಿಸುವುದೇ ಗಸ್ತು ವಿಮಾನದ ಕಸುಬು. ಜೆಟ್ ಯುದ್ಧವಿಮಾನ ಎದುರಾದರೆ ತಪ್ಪಿಸಿಕೊಳ್ಳುವ ವೇಗ ಅದಕ್ಕಿಲ್ಲ. ಆ ಅಪಾಯ ಗೊತ್ತಿದ್ದೇ ಸಿಬ್ಬಂದಿ ಹಾರುತ್ತಿದ್ದರು.

ನಂತರ

1980ರ ದಶಕದಲ್ಲಿ ವಿಕ್ರಾಂತ್ ಸೀ ಹ್ಯಾರಿಯರ್ ಯುದ್ಧವಿಮಾನಗಳಿಗೆ ಸಜ್ಜಾದಂತೆ ಅಲಿಝೆಗಳು ದಡದ ನೆಲೆಗೆ ಸೀಮಿತವಾದವು. ಆಮೇಲೆ ದಳಕ್ಕೆ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ ಡೋರ್ನಿಯರ್ 228 ವಿಮಾನಗಳು ಬಂದವು. ಯುದ್ಧಗಳ ನಡುವಿನ ದೀರ್ಘ ಶಾಂತಿಕಾಲದಲ್ಲೂ ನಿಲ್ಲದ ಪಶ್ಚಿಮ ಕರಾವಳಿಯ ಕಾವಲೇ ಈ ದಳದ ಮುಖ್ಯ ಸೇವೆ.